ಆಸಾಡಿ ದಾಟಿಸಿದ ಕೈ

ಆಸಾಡಿ ಅಮಾಸಿ ಹತ್ತಿರ ಬಂತೆಂದರೆ ಕುಂದಾಪುರದ ಕಡೆಯವರಿಗೆ ಅಜ್ಜಿಯ ನೆನಪು ಜೋರಾಗುತ್ತದೆ. ಆ ದಿನವನ್ನು ವಿಶ್ವ ಕುಂದಾಪ್ರ ಕನ್ನಡ ದಿನ ಎಂದು ಆಚರಿಸುವ ಕ್ರಮ ಶುರುವಾದ ಮೇಲಂತೂ, ಊರು ಬಿಟ್ಟು ದೂರ ಕೂತವರೂ ಅಜ್ಜಿಯ ಕಡುಬು, ಅಜ್ಜಿಯ ಬೈಗುಳ, ಅಜ್ಜಿಯ ಕವಳದ ಸಂಚಿ ಅಂತ ಬರೆಯುತ್ತಾರೆ. ಓದಲು ಹಿತವೇ. ಆದರೆ ಹತ್ತು ಬರಹ ಓದಿದ ಮೇಲೂ ಆ ಹೆಂಗಸರು ದಿನವಿಡೀ ಏನು ಮಾಡುತ್ತಿದ್ದರು, ಹೇಗೆ ಮಾಡುತ್ತಿದ್ದರು ಎಂಬುದು ತಿಳಿಯುವುದಿಲ್ಲ. ಕಷ್ಟಜೀವಿ, ಮಮತಾಮಯಿ, ದೇವರು ಕೊಟ್ಟ ಕೈರುಚಿ: ಈ ಮೂರು ಮಾತಿನಲ್ಲಿ ಎಪ್ಪತ್ತೆಂಬತ್ತು ವರ್ಷದ ಬದುಕು ಮುಗಿದುಹೋಗುತ್ತದೆ. ರುಚಿಯನ್ನು ದೇವರ ಲೆಕ್ಕಕ್ಕೆ ಬರೆದರೆ ಅಜ್ಜಿ ಕಲಿತದ್ದು, ಕೆಡಿಸಿಕೊಂಡು ಮತ್ತೆ ಕಲಿತದ್ದು ಎಲ್ಲ ಖಾತೆಯಿಂದ ಹೋಯಿತು.

ಕಡಲಕರೆಯ ಅಜ್ಜಿಯ ಬದುಕು ಬರೆಯುವುದಾದರೆ ಆಕೆಯ ಕೆಲಸದಿಂದಲೇ ಶುರು ಮಾಡಬೇಕು. ಆ ಕೆಲಸಗಳಲ್ಲಿ ದೊಡ್ಡದು ಮನೆಯನ್ನು ಆಸಾಡಿ ದಾಟಿಸುವುದು.

ಆಸಾಡಿ ಅಂದರೆ ಆಷಾಢ. ತುಳುವರ ಆಟಿಯೂ ತುಸು ಹಿಂದೆ ಮುಂದೆ ಅದೇ ಹೊತ್ತಿನದು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಈಗ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಲೆಕ್ಕಕ್ಕೆ 61 ದಿನ, ಸರ್ಕಾರದ ನಿಷೇಧವಿದೆ. ಹಿಂದೆ ಅದೇ ನಿಷೇಧವನ್ನು ಕಡಲೇ ಹೇರುತ್ತಿತ್ತು. ಮೀನಿಲ್ಲ ಅಂದರೆ ಉಣ್ಣಲು ಇಲ್ಲ ಎಂಬುದು ಎರಡನೇ ಮಾತು. ಮಾರಲು ಇಲ್ಲ ಎಂಬುದು ಮೊದಲನೆಯದು. ಗದ್ದೆ ಇದ್ದವರ ಮನೆಯಲ್ಲೂ ಹಿಂದಿನ ಕೊಯ್ಲಿನ ಅಕ್ಕಿ ತಳ ಕಾಣುವ ಸಮಯ, ಹಾಗಾಗಿ ಕಡ ಕೇಳಿದರೂ ಹುಟ್ಟುವುದಿಲ್ಲ. ಬಿಸಿಲಿಲ್ಲದ, ಸಂತೆಯಿಲ್ಲದ ಆ ಎರಡು ತಿಂಗಳಿಗೆ ಬೇಕಾದದ್ದು ಬಿಸಿಲಿರುವಾಗಲೇ ಅಟ್ಟ ಸೇರಬೇಕು. ಸೇರಿಸುವ ಜವಾಬ್ದಾರಿ ಮನೆಯ ಹಿರಿ ಹೆಂಗಸಿನದು.

ಗಡುವು ಹತ್ತನಾವಧಿ. ತುಳುವಿನಲ್ಲಿ ಪತ್ತನಾಜೆ ಅನ್ನುತ್ತಾರೆ, ಮೇ 24ರ ಆಸುಪಾಸಿಗೆ ಬರುತ್ತದೆ. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವ ದಿನ ಅಂತ ಎಲ್ಲರಿಗೂ ಗೊತ್ತು. ಅಜ್ಜಿಯ ಪಾಲಿಗೆ ಅದು ಅಂಗಳದ ಚಾಪೆ ಸುತ್ತಿಡುವ ದಿನ. ರೋಹಿಣಿ ಮಳೆ ಯಾವ ಸಂಜೆ ಬೇಕಾದರೂ ಬರಬಹುದು. ಅಲ್ಲಿಂದ ಹಿಂದಕ್ಕೆ ಎಣಿಸಿ ಉಪ್ಪು ಯಾವಾಗ ತರಬೇಕು, ಮೀನು ಯಾವಾಗ ಸೀಳಬೇಕು, ಸೌದೆ ಯಾವಾಗ ಒಟ್ಟಬೇಕು ಎಂದು ಆಕೆ ತಲೆಯಲ್ಲೇ ಹೊಂದಿಸುತ್ತಿದ್ದಳು. ಈಗಿನ ಪ್ರಾಜೆಕ್ಟ್ ಮ್ಯಾನೇಜರುಗಳು ಗೋಡೆ ತುಂಬ ಚೀಟಿ ಅಂಟಿಸಿ ಮಾಡುವುದು ಇದನ್ನೇ.

ಅಕ್ಕಿಯ ಲೆಕ್ಕ ಸುಲಭದ್ದು. ಎಂಟು ಜನರ ಮನೆ, ಎರಡು ಹೊತ್ತು ಗಂಜಿ, ಒಂದು ಹೊತ್ತು ಅನ್ನ ಎಂದರೆ ದಿನಕ್ಕೆ ಎರಡೂವರೆ ಕಿಲೋ ಕುಚ್ಚಲಕ್ಕಿ ಹಿಡಿಯಿರಿ. ಎರಡು ತಿಂಗಳಿಗೆ ನೂರೈವತ್ತು ಕಿಲೋ. ಅಜ್ಜಿ ಕಿಲೋದಲ್ಲಿ ಎಣಿಸಲಿಲ್ಲ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಸೇರು ಕಿಲೋಗಿಂತ ಸ್ವಲ್ಪ ಕಡಿಮೆ, ಹಾಗಾಗಿ ನಾಲ್ಕು ಮುಡಿ ಅಕ್ಕಿ ಅಟ್ಟದಲ್ಲಿದ್ದರೆ ಆಸಾಡಿಗೆ ಹೆದರಬೇಕಿಲ್ಲ. ಬೈಹುಲ್ಲನ್ನು ಒತ್ತಾಗಿ ಹಾಸಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗದಲ್ಲಿ ಬಿಗಿದು, ತಟ್ಟಿ ತಟ್ಟಿ ಗುಂಡಗೆ ಮಾಡಿದ ಮುಡಿ ಒಳಗಿನ ಅಕ್ಕಿಗೆ ಉಸಿರಾಡಲು ಬಿಡುತ್ತದೆ, ಥಂಡಿಯನ್ನು ಹುಲ್ಲೇ ಹೀರಿಕೊಳ್ಳುತ್ತದೆ. ಬೇಯಿಸಿ ಒಣಗಿಸಿದ ಕಾಳು ಗಟ್ಟಿ. ಬೆಳ್ತಿಗೆಗೆ, ಅಂದರೆ ಬೇಯಿಸದೆ ಮಾಡಿದ ಅಕ್ಕಿಗೆ, ಹುಳ ಬೀಳುವಷ್ಟು ಬೇಗ ಅದಕ್ಕೆ ಬೀಳುವುದಿಲ್ಲ. ಇಷ್ಟೇ ವಿಷಯ.

ಉಪ್ಪು ಹಾಗಲ್ಲ. ಗೋಕರ್ಣದ ಹತ್ತಿರ ಅಘನಾಶಿನಿಯ ಅಳಿವೆಯಲ್ಲಿ ಬೆಳೆಯುವ ಸಾಣಿಕಟ್ಟಾ ಉಪ್ಪು ಈ ಕರೆಯ ಮನೆಗಳಿಗೆ ಗೊತ್ತಿದ್ದ ಉಪ್ಪು: ದಪ್ಪ ಹರಳು, ಸ್ವಲ್ಪ ಮಣ್ಣಿನ ಬಣ್ಣ. ಬೇಸಗೆಯಲ್ಲಿ ಕೊಂಡದ್ದನ್ನು ಆ ವರ್ಷವೇ ಮೀನಿಗೆ ಹಾಕದೆ ಮುಂದಿನ ವರ್ಷಕ್ಕೆ ಇಡುವ ರೂಢಿ ಸುಮ್ಮನೆ ಬಂದದ್ದಲ್ಲ. ಹೊಸ ಉಪ್ಪಿನಲ್ಲಿ ಮೆಗ್ನೀಸಿಯಮ್ಮಿನ ಲವಣ ಜಾಸ್ತಿ. ಅದು ಗಾಳಿಯ ತೇವ ಎಳೆದುಕೊಂಡು ಒಸರುತ್ತದೆ, ನಾಲಿಗೆಗೆ ಕಹಿ, ಮೇಲಾಗಿ ಉಪ್ಪು ಮೀನಿನ ಒಳಕ್ಕೆ ಇಳಿಯುವುದನ್ನು ನಿಧಾನ ಮಾಡುತ್ತದೆ. ಬುಟ್ಟಿಯಲ್ಲಿ ಹಾಕಿ ಒಂದು ಮಳೆಗಾಲ ಕಳೆದರೆ ಆ ಕಹಿನೀರು ತಾನಾಗಿ ಇಳಿದುಹೋಗಿ ಹರಳು ಗಟ್ಟಿಯಾಗುತ್ತದೆ. ಹಳೇ ಉಪ್ಪು ಮೀನಿಗೆ ಮತ್ತು ಮಿಡಿ ಉಪ್ಪಿನಕಾಯಿಗೆ, ಹೊಸದು ದಿನದ ಅಡುಗೆಗೆ. ಎರಡಕ್ಕೂ ಬೇರೆ ಬೇರೆ ಮರಿಗೆ, ಮರದ್ದೇ. ಲೋಹದ ಪಾತ್ರೆಯನ್ನು ಉಪ್ಪು ತಿಂದು ಹಾಕುತ್ತದೆ.

ಈ ಎಚ್ಚರಿಕೆಯ ಹಿಂದೆ ಬೆಲೆಯ ನೆನಪೂ ಇದೆ. 1947ರಲ್ಲಿ ತೆಗೆಯುವವರೆಗೂ ಉಪ್ಪಿಗೆ ತೆರಿಗೆ ಇತ್ತು. ಆಗ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದ ದಕ್ಷಿಣ ಕನ್ನಡದ ಕರೆಯಲ್ಲಿ ಮೀನಿಗೆಂದೇ ಅಗ್ಗದ ಉಪ್ಪು ಕೊಡುವ ಸರ್ಕಾರಿ ಅಂಗಳಗಳಿದ್ದವು. ಮೀನನ್ನು ಅಲ್ಲಿಗೇ ಒಯ್ದು ಉಪ್ಪು ಹಾಕಬೇಕಿತ್ತು. ಆ ಕಾಲದಲ್ಲಿ ಕೆಲಸ ಕಲಿತ ಹೆಂಗಸರು ಉಪ್ಪಿನ ಒಂದು ಹರಳು ನೆಲಕ್ಕೆ ಬಿದ್ದರೂ ಹೆಕ್ಕುತ್ತಿದ್ದುದನ್ನು ಈಗ ಜಿಪುಣತನ ಅಂತ ನಗೆಯಾಡುತ್ತೇವೆ.

ಇನ್ನು ಮೀನು. ಒಣಮೀನು ಅಂದರೆ ಮೀನನ್ನು ಬಿಸಿಲಿಗೆ ಹಾಕುವುದು ಎಂದುಕೊಂಡವರು ಒಂದು ಸಲ ಹಾಕಿ ನೋಡಲಿ. ಮೂರನೇ ದಿನ ಅಂಗಳದಿಂದ ಓಡಿಹೋಗಬೇಕಾಗುತ್ತದೆ.

ಯಾವ ಮೀನಿಗೆ ಯಾವ ದಾರಿ ಎಂಬುದೇ ಮೊದಲ ವಿದ್ಯೆ. ಬೆರಳುದ್ದದ ಸಣ್ಣ ಮೀನು, ಸಿಗಡಿ ಇವಕ್ಕೆ ಉಪ್ಪು ಬೇಡ ಅಥವಾ ನಾಮಕಾವಸ್ತೆ ಸಾಕು. ಮೈ ತೆಳು, ಒಳ್ಳೆಯ ಬಿಸಿಲಿಗೆ ಎರಡು ದಿನದಲ್ಲಿ ಕಟಕಟ ಅನ್ನುತ್ತವೆ. ಹತ್ತು ಕಿಲೋ ಹಸಿ ಸಣ್ಣ ಮೀನು ಒಣಗಿ ಎರಡೂವರೆ ಕಿಲೋ ಸುತ್ತ ನಿಲ್ಲುತ್ತದೆ. ಬೂತಾಯಿ, ಅಂದರೆ ಕುಂದಾಪುರದ ಬೈಗೆ, ಕಾರವಾರದ ತಾರ್ಲೆ, ಎಣ್ಣೆಯ ಮೀನು. ತಿನ್ನಲು ಎಷ್ಟು ರುಚಿಯೋ ಇಡಲು ಅಷ್ಟೇ ಕಷ್ಟ. ಎಣ್ಣೆ ಗಾಳಿಗೆ ಹಳದಿಯಾಗಿ ಕಮಟುತ್ತದೆ. ಮೇವು ತುಂಬಿದ ಬೈಗೆಯ ಹೊಟ್ಟೆ ಬಲೆಯಿಂದ ಬಿಡಿಸಿದ ಕೆಲವೇ ಹೊತ್ತಿಗೆ ಒಡೆಯುತ್ತದೆ. ಅದರ ಜೀರ್ಣರಸ ಅದರ ಹೊಟ್ಟೆಯನ್ನೇ ಅರಗಿಸುವುದು ಕಾರಣ. ಬೈಗೆ ಒಣಗಿಸಿದರೆ ಮೊದಲು ತಿಂದು ಮುಗಿಸುವ ಸಾಲಿಗೆ. ಆಸಾಡಿಯ ಕೊನೆಯವರೆಗೆ ನಿಲ್ಲಬೇಕಾದದ್ದು ಬಂಗುಡೆ.

ಬಂಗುಡೆಯ ಹಂಗಾಮು ಮಳೆ ಕಳೆದ ಮೇಲಿನದು. ರಂಪಣಿ ಬಲೆಯ ಕಾಲದಲ್ಲಿ ಮೀನಿನ ಹಿಂಡು ಕಂಡರೆ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು, ಎರಡು ತುದಿಯನ್ನೂ ದಡದಲ್ಲಿ ನಿಂತ ಊರವರೇ ಎಳೆಯುತ್ತಿದ್ದರು, ಎಳೆದವರಿಗೆಲ್ಲ ಪಾಲು. ಒಂದೇ ಬೆಳಗ್ಗೆ ಕಡಲಕರೆಯ ತುಂಬ ಬಂಗುಡೆ. ಮಂಜುಗಡ್ಡೆ ಇಲ್ಲ, ಲಾರಿ ಇಲ್ಲ. ಹಸಿಯಾಗಿ ಮಾರಿ ಉಳಿದದ್ದಕ್ಕೆ ಉಪ್ಪೊಂದೇ ಗತಿ, ಉಪ್ಪು ಹಾಕುವ ಕೈ ಎಲ್ಲ ಹೆಂಗಸರದು. 1970ರ ದಶಕದ ನಡುವಿನಲ್ಲಿ ಕಡಲಿನಲ್ಲೇ ಹಿಂಡನ್ನು ಬಲೆಯಿಂದ ಸುತ್ತುಗಟ್ಟಿ ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಮೂಲೆ ಸೇರಿತು. ಮೀನು ಮನೆಯ ಮುಂದಿನ ಹೊಯ್ಗೆಗೆ, ಅಂದರೆ ಮರಳಿಗೆ, ಬರುವುದು ಬಿಟ್ಟು ಮಲ್ಪೆ, ಗಂಗೊಳ್ಳಿಯ ಬಂದರಿಗೆ ಹೋಯಿತು. ಅಜ್ಜಿ ಬೆಳಗಿನ ಜಾವ ಬುಟ್ಟಿ ಹಿಡಿದು ಏಲದ ಗುಂಪಿನಲ್ಲಿ ನಿಲ್ಲಲು ಕಲಿತದ್ದು ಆಮೇಲೆ.

ಬಂಗುಡೆ ಆರಿಸುವಾಗ ಕಣ್ಣು ಉಬ್ಬಿರಬೇಕು, ಕಿವಿರು ಕೆಂಪಿರಬೇಕು, ಹೆಬ್ಬೆರಳಿನಿಂದ ಒತ್ತಿದ ಗುಳಿ ಕೂಡಲೇ ತುಂಬಬೇಕು. ಮಧ್ಯಾಹ್ನದ ಬಿಸಿಲಿಗೆ ಬಿದ್ದ ಬಂಗುಡೆಯನ್ನು ಹಳಬರು ಉಪ್ಪಿಗೂ ಹಾಕುತ್ತಿರಲಿಲ್ಲ. ಮೈ ತುರಿಸುತ್ತದೆ ಅನ್ನುತ್ತಿದ್ದರು, ಅದು ನಿಜ. ಸೆಕೆಗೆ ಬಿಟ್ಟ ಬಂಗುಡೆಯ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ; ಒಮ್ಮೆ ಹುಟ್ಟಿದರೆ ಉಪ್ಪಿಗೂ ಹೋಗದು, ಬೇಯಿಸಿದರೂ ಹೋಗದು. ಮುಖ ಕೆಂಪೇರಿ, ದದ್ದು ಎದ್ದು, ತಲೆ ಸಿಡಿಯುತ್ತದೆ. ನೋಡಲು ಮೀನು ಚೆನ್ನಾಗಿಯೇ ಇರಬಹುದು. ಆದ್ದರಿಂದ ನಿಯಮ ಒಂದೇ: ಸಿಕ್ಕ ಮೀನು ಬಿಸಿಲೇರುವ ಮೊದಲು ಸೀಳಿ ಉಪ್ಪಿಗೆ ಬೀಳಬೇಕು.

ಕತ್ತಿಯ ಕೆಲಸ ಹೀಗೆ. ಮೀನನ್ನು ಬೆನ್ನಿನ ಕಡೆಯಿಂದ ತಲೆಯಿಂದ ಬಾಲದವರೆಗೆ ಸೀಳಿ ಪುಸ್ತಕದ ಹಾಗೆ ಬಿಡಿಸುವುದು, ಹೊಟ್ಟೆಯ ಚರ್ಮ ಕೂಡಿಕೊಂಡೇ ಇರಬೇಕು. ಕಿವಿರು, ಕರುಳು ತೆಗೆದು, ಒಳಗಿನ ಕಪ್ಪು ಪೊರೆಯನ್ನು ಉಗುರಿನಿಂದ ಕೆರೆದು, ಬೆನ್ನುಮೂಳೆಗೆ ಅಂಟಿದ ರಕ್ತದ ಗೆರೆಯನ್ನು ಕತ್ತಿಯ ಮೊನೆಯಲ್ಲಿ ಎಬ್ಬಿಸುವುದು. ಅವಸರದವರು ಬಿಟ್ಟುಬಿಡುವುದು ಆ ಗೆರೆಯನ್ನೇ, ಮೀನು ಮೊದಲು ಕೆಡುವುದೂ ಅಲ್ಲಿಂದಲೇ. ಆಮೇಲೆ ಉಪ್ಪುನೀರಿನಲ್ಲಿ ತೊಳೆದು ಬುಟ್ಟಿಯಲ್ಲಿ ಓರೆಯಾಗಿ ಇಟ್ಟು ನೀರು ಬಸಿಯಬೇಕು.

ಅಳತೆ: ಕಿಲೋಗೆ ಎಂಟು ತೂಗುವ ನೂರು ಬಂಗುಡೆ ಅಂದರೆ ಹನ್ನೆರಡೂವರೆ ಕಿಲೋ. ಹೊಟ್ಟೆ ತೆಗೆದರೆ ಹತ್ತು ಕಿಲೋ ಚಿಲ್ಲರೆ. ಅದಕ್ಕೆ ಎರಡೂವರೆ ಕಿಲೋ ಉಪ್ಪು, ಅಂದರೆ ನಾಲ್ಕಕ್ಕೆ ಒಂದು. ಮಳೆಗಾಲ ಪೂರ್ತಿ ಇಡುವುದಾದರೆ, ಅಥವಾ ಮೋಡದ ದಿನವಾದರೆ, ಮೂರಕ್ಕೆ ಒಂದು. ಮರದ ಮರಿಗೆ ಅಥವಾ ಮಣ್ಣಿನ ಬಾನಿಯ ತಳಕ್ಕೆ ಒಂದು ಪದರ ಉಪ್ಪು, ಮೇಲೆ ಚರ್ಮ ಕೆಳಗಾಗಿ ಒಂದು ಸಾಲು ಮೀನು, ಮತ್ತೆ ಉಪ್ಪು. ಕೊನೆಯ ಸಾಲು ಮಾತ್ರ ಚರ್ಮ ಮೇಲಾಗಿ. ಹಲಗೆ ಹಾಕಿ ಕಲ್ಲು ಹೇರಬೇಕು. ಕೆಲವು ಗಂಟೆಯಲ್ಲೇ ಮೀನು ನೀರು ಬಿಡುತ್ತದೆ. ಒಂದು ರಾತ್ರಿಯಿಂದ ಎರಡು ದಿನ ಆ ನೀರಿನಲ್ಲೇ ಮುಳುಗಿರಬೇಕು. ಕಲ್ಲು ಸಾಲದೆ ಮೇಲಿನ ಮೀನು ನೀರಿನಿಂದ ಎದ್ದರೆ ಆ ಒಂದು ಸಾಲು ಹಳದಿ ತಿರುಗಿ ನಾರುತ್ತದೆ, ಅದರ ವಾಸನೆ ಉಳಿದದ್ದಕ್ಕೂ ಹತ್ತುತ್ತದೆ.

ತೆಗೆಯುವಾಗ ಅದೇ ಉಪ್ಪುನೀರಿನಲ್ಲಿ ಜಾಲಾಡಿಸಬೇಕು. ಬಾವಿಯ ಸಿಹಿನೀರಿನಲ್ಲಿ ತೊಳೆದರೆ ಮೇಲುಮೇಲಿನ ಉಪ್ಪು ಕರಗಿಹೋಗಿ ನೊಣ ಕೂರಲು ಜಾಗವಾಗುತ್ತದೆ.

ಹೊಯ್ಗೆಯ ಮೇಲೆ ಹಾಕಿದ ಮೀನು ಅಗ್ಗಕ್ಕೆ ಹೋಗುತ್ತದೆ, ಹಲ್ಲಿಗೆ ಮರಳು ಸಿಕ್ಕರೆ ಗಿರಾಕಿ ಎರಡನೇ ಸಲ ಬರುವುದಿಲ್ಲ. ಹೆಣೆದ ತೆಂಗಿನ ಮಡಲಿನ ತಟ್ಟಿಯನ್ನು ನೆಲದಿಂದ ಎರಡು ಮೊಳ ಎತ್ತರಿಸಿ ಹಾಕಿದರೆ ಕೆಳಗಿನಿಂದಲೂ ಗಾಳಿ ಆಡುತ್ತದೆ, ಅರ್ಧ ದಿನ ಉಳಿತಾಯ. ಮೇಲೆ ಹಳೇ ಬಲೆ ಹೊದಿಸುವುದು ಕಾಗೆಗೆ. ಮೊದಲು ಮಾಂಸದ ಮಗ್ಗುಲು ಮೇಲೆ. ಎರಡು ಮೂರು ಗಂಟೆಗೊಮ್ಮೆ ಮಗುಚಬೇಕು. ಏಪ್ರಿಲ್ ತಿಂಗಳ ಸುಡುಬಿಸಿಲು ಒಳ್ಳೆಯದು ಎಂದು ಹೊಸಬರು ತಿಳಿಯುತ್ತಾರೆ. ಮೊದಲ ದಿನವೇ ಅತಿ ಬಿಸಿಲಿಗೆ ಬಿದ್ದ ಮೀನಿನ ಹೊರಮೈ ಒಣಗಿ ಗಟ್ಟಿ ಕವಚವಾಗುತ್ತದೆ, ಒಳಗಿನ ನೀರಿಗೆ ಹೊರಬರಲು ದಾರಿಯಿಲ್ಲ. ಹೊರಗೆ ಮರದ ಹಾಗೆ, ಒಳಗೆ ಕೊಳೆತ. ಆದ್ದರಿಂದ ಮೊದಲ ದಿನ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ತೆಂಗಿನ ನೆರಳಿಗೆ ಸರಿಸಬೇಕು, ಗಾಳಿ ಕೆಲಸ ಮಾಡಲಿ.

ಸೂರ್ಯ ಮುಳುಗುವ ಮೊದಲು ಎತ್ತಿ ಒಳಗೆ ತರುವುದು ಮಂಜಿನ ಭಯಕ್ಕೆ ಮಾತ್ರ ಅಂದುಕೊಳ್ಳಬಾರದು. ಮೀನನ್ನು ಒಂದರ ಮೇಲೊಂದು ಒಟ್ಟಿ, ಚಾಪೆ ಮುಚ್ಚಿ, ಮೇಲೆ ಅಕ್ಕಿ ಕಡೆಯುವ ಕಲ್ಲಿನ ಗುಂಡು ಇಡುತ್ತಿದ್ದರು. ರಾತ್ರಿಯಿಡೀ ಒತ್ತಡಕ್ಕೆ ಒಳಗಿನ ಪಸೆ ಮೇಲ್ಮೈಗೆ ಬರುತ್ತದೆ. ಬೆಳಗ್ಗೆ ಮುಟ್ಟಿದರೆ ನಿನ್ನೆಗಿಂತ ಒದ್ದೆ. ಇದನ್ನು ಕಂಡು ಹೆದರುವವರು ಕೆಲಸ ಗೊತ್ತಿಲ್ಲದವರು. ಆ ಪಸೆ ಮೇಲೆ ಬಂದರೇ ಎರಡನೇ ದಿನದ ಬಿಸಿಲಿಗೆ ಕೆಲಸ. ಹೀಗೆ ಮೂರು ನಾಲ್ಕು ದಿನ. ಹೆಗಲ ಭಾಗದ ದಪ್ಪ ಮಾಂಸವನ್ನು ಹೆಬ್ಬೆರಳಿನಿಂದ ಒತ್ತಿದಾಗ ಗುಳಿ ಬೀಳಬಾರದು, ಬಾಲ ಹಿಡಿದು ಎತ್ತಿದರೆ ಬಾಗಬಾರದು. ಹನ್ನೆರಡೂವರೆ ಕಿಲೋ ಹಸಿ ಮೀನಿಗೆ ಕೈಗೆ ಸಿಗುವುದು ನಾಲ್ಕೂವರೆ ಕಿಲೋ ಆಸುಪಾಸು. ದಿನಕ್ಕೆ ನಾಲ್ಕೇ ಬಂಗುಡೆ ಎಂದರೂ ಎರಡು ತಿಂಗಳಿಗೆ 240 ಮೀನು. ಒಂದೊಂದೂ ಹತ್ತು ಹನ್ನೆರಡು ಸಲ ಕೈಯಿಂದ ಮಗುಚಿದ್ದು.

ಇಷ್ಟಾದ ಮೇಲೂ ಮೂರು ಶತ್ರು. ಒಂದು ನೊಣ: ಮೊದಲ ದಿನವೇ ಕಿವಿರಿನ ಸಂದಿಯಲ್ಲಿ ಮೊಟ್ಟೆಯಿಟ್ಟರೆ ಹುಳ ಮೂರನೇ ದಿನ ಕಾಣುತ್ತದೆ, ಆಗ ಏನೂ ಮಾಡಲಾಗದು. ಎರಡು, ಕೆಂಪು: ಉಪ್ಪು ಹಾಕಿದ ಮೀನಿನ ಮೇಲೆ ನಸುಗೆಂಪು ಲೋಳೆ. ಉಪ್ಪು ಎಲ್ಲ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ ಎಂಬ ನಂಬಿಕೆಗೆ ಅಪವಾದ ಇದು. ಉಪ್ಪನ್ನೇ ಬಯಸುವ ಜೀವಿಗಳು ಉಪ್ಪಿನ ಗದ್ದೆಯಿಂದಲೇ ಬರುತ್ತವೆ. ಹಿಂದಿನ ವರ್ಷದ ಮರಿಗೆಯನ್ನು ಕಾಯಿಸಿದ ನೀರಿನಲ್ಲಿ ತಿಕ್ಕಿ ಬಿಸಿಲಿಗೆ ಹಾಕದಿದ್ದರೆ ಇಡೀ ವರ್ಷದ ಮೀನಿಗೆ ತಗಲುತ್ತದೆ. ಮೂರನೆಯದು ಥಂಡಿ. ಗಾಳಿಯ ತೇವ ನೂರಕ್ಕೆ 75 ದಾಟಿದರೆ ಉಪ್ಪು ನೀರೆಳೆಯಲು ಶುರುಮಾಡುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅದು ಹೆಚ್ಚಿನ ಹೊತ್ತು ಅದಕ್ಕಿಂತ ಮೇಲೇ ಇರುತ್ತದೆ. ಎಷ್ಟೇ ಚೆನ್ನಾಗಿ ಒಣಗಿಸಿದ ಉಪ್ಪುಮೀನೂ ಜೂನ್ ಕೊನೆಗೆ ಬೆವರುತ್ತದೆ.

ಅದಕ್ಕೇ ಒಲೆಯ ಮೇಲಿನ ಅಟ್ಟ. ಒಣಮೀನನ್ನು ಅಡಿಕೆ ಹಾಳೆಯಲ್ಲಿ ಕಟ್ಟಿ, ಬೈಹುಲ್ಲು ಹಾಸಿದ ಮಡಕೆಯಲ್ಲಿ ತುಂಬಿ, ಒಲೆಗೆ ನೇರವಾಗಿ ಮೇಲೆ ಇಡುವುದು. ದಿನಕ್ಕೆ ಎರಡು ಹೊತ್ತು ಉರಿಯುವ ಬೆಂಕಿಯ ಬಿಸಿ ತೇವವನ್ನು ತಡೆದರೆ, ಹೊಗೆ ಹುಳವನ್ನು ತಡೆಯುತ್ತದೆ. ಮಳೆ ಹೊಳವಾಗಿ ಎರಡು ಗಂಟೆ ಬಿಸಿಲು ಕಂಡರೂ ಸಾಕು, ಮಡಕೆ ಕೆಳಗಿಳಿಯುತ್ತಿತ್ತು. ಆ ಎರಡು ಗಂಟೆಯಲ್ಲಿ ಒಣಮೀನು, ಹಪ್ಪಳ, ಮೆಣಸು, ಹಾಸಿಗೆ ಯಾವುದು ಮೊದಲು ಹೊರಗೆ ಬರಬೇಕು ಎಂಬುದಕ್ಕೆ ಒಂದು ಸರದಿ ಇತ್ತು, ಸೊಸೆಯಂದಿರಿಗೆ ಅದನ್ನು ಬಾಯಿಪಾಠ ಮಾಡಿಸಿಯೇ ಬಿಡುತ್ತಿದ್ದರು. ಗ್ಯಾಸ್ ಒಲೆ ಬಂದ ಮನೆಗಳಲ್ಲಿ ಅಟ್ಟದ ಒಣಮೀನು ಬೂಸ್ಟು ಹಿಡಿಯಲು ಶುರುವಾದಾಗ ಹಲವರಿಗೆ ಕಾರಣವೇ ಹೊಳೆಯಲಿಲ್ಲ, ಮೀನಿನವರನ್ನು ಬೈದರು.

ಆಸಾಡಿಯ ಅಡುಗೆಮನೆಯಲ್ಲಿ ಈ ಸಂಗ್ರಹ ಹೇಗೆ ಖರ್ಚಾಗುತ್ತಿತ್ತು ನೋಡಿ. ಮೀನು ಮುಖ್ಯ ಪದಾರ್ಥವಾಗುವುದು ಅಪರೂಪ, ಬೇರೆಯದಕ್ಕೆ ರುಚಿ ಕೊಡುವುದು ಅದರ ಕೆಲಸ. ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದ ಸೌತೆಕಾಯಿ, ಕೆಂಪುಮಣ್ಣು ಮೆತ್ತಿ ಒಣಗಿಸಿ ಇಟ್ಟ ಹಲಸಿನ ಬೀಜ, ಉಪ್ಪುನೀರಲ್ಲಿ ಹಾಕಿಟ್ಟ ಹಲಸಿನ ಸೊಳೆ. ಇವುಗಳಿಗೆ ಒಂದು ಮುಷ್ಟಿ ಒಣ ಸಿಗಡಿ ಬಿದ್ದರೆ ಎಂಟು ಜನಕ್ಕೆ ಪದಾರ್ಥ. ಸೊಳೆಯನ್ನು ಹಿಂದಿನ ರಾತ್ರಿ ನೀರಿಗೆ ಹಾಕಿ ಎರಡು ಸಲ ಹಿಂಡದಿದ್ದರೆ ಉಪ್ಪಿನ ಮೇಲೆ ಉಪ್ಪು. ಒಣ ಬಂಗುಡೆಯನ್ನು ಕೆಂಡದ ಮೇಲೆ ಸುಟ್ಟು ಗಂಜಿಗೆ ನಂಚಿಕೊಳ್ಳುವುದು ಸುಲಭದ ದಾರಿ; ಸಾರಿಗೆ ಹಾಕುವುದಾದರೆ ಕಾಲು ಗಂಟೆ ಬಿಸಿನೀರಿನಲ್ಲಿಟ್ಟು, ಆ ನೀರು ಚೆಲ್ಲಿ, ಸಾರಿಗೆ ಬೇರೆ ಉಪ್ಪು ಹಾಕದೆ ಕೊನೆಯಲ್ಲಿ ರುಚಿ ನೋಡಬೇಕು.

ಸಿಗಡಿ ಚಟ್ನಿಯನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಲೇಬೇಕು, ಎಲ್ಲರೂ ಕೆಡಿಸುವುದರಿಂದ. ಒಂದು ಲೋಟ ಒಣ ಸಿಗಡಿಯ ತಲೆ ಬಾಲ ಚಿವುಟಿ, ಮೊರದಲ್ಲಿ ಕೇರಿ ಮರಳು ತೆಗೆದು, ಸಣ್ಣ ಉರಿಯಲ್ಲಿ ಎಣ್ಣೆಯಿಲ್ಲದೆ ಹುರಿಯಬೇಕು. ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು. ಆರೇಳು ಬ್ಯಾಡಗಿ ಮೆಣಸನ್ನು ನಾಲ್ಕು ಹನಿ ತೆಂಗಿನೆಣ್ಣೆಯಲ್ಲಿ ಬೇರೆಯಾಗಿ ಹುರಿಯುವುದು. ಒಂದು ಲೋಟ ತೆಂಗಿನತುರಿ, ಗೋಲಿಯಷ್ಟು ಹುಣಸೆಹಣ್ಣು, ಎರಡು ಎಸಳು ಬೆಳ್ಳುಳ್ಳಿ, ಮೆಣಸು ಇವನ್ನು ನೀರು ಮುಟ್ಟಿಸದೆ ಕಡೆದು, ಕೊನೆಗೆ ಸಿಗಡಿ ಹಾಕಿ ಗುಂಡುಕಲ್ಲನ್ನು ಮೂರು ನಾಲ್ಕು ಸುತ್ತು ತಿರುಗಿಸಿ ತೆಗೆದುಬಿಡಬೇಕು. ಮಿಕ್ಸಿಗೆ ಎಲ್ಲ ಒಟ್ಟಿಗೆ ಹಾಕಿದರೆ ಸಿಗಡಿ ಹಿಟ್ಟಾಗಿ ತೆಂಗಿನಕಾಯಿಯ ಹಾಲು ಕುಡಿದು ಮುದ್ದೆಯಾಗುತ್ತದೆ. ಹಲ್ಲಿಗೆ ಸಿಗಬೇಕಾದದ್ದು ಸಿಗುವುದಿಲ್ಲ.

ಮಾರಾಟದ ಬಗ್ಗೆ ಹೇಳದಿದ್ದರೆ ಅಜ್ಜಿಯನ್ನು ಅಡುಗೆಮನೆಯಲ್ಲೇ ಕೂಡಿಹಾಕಿದಂತಾಗುತ್ತದೆ. ಮೊಗವೀರರಲ್ಲಿ ಮೀನು ಹಿಡಿಯುವುದು ಗಂಡಸರ ಕೆಲಸವಾದರೆ ಹಣ ಮಾಡುವುದು ಹೆಂಗಸರ ಕೆಲಸ. ಗಂಗೊಳ್ಳಿಯ ಖಾರ್ವಿ ಮನೆಗಳಲ್ಲಿ ಮಾತು ಕೊಂಕಣಿ ಇರಬಹುದು, ವ್ಯವಹಾರ ಇದೇ. ತಲೆಗೆ ಬಟ್ಟೆಯ ಸಿಂಬಿ, ಅದರ ಮೇಲೆ ಬುಟ್ಟಿ, ಮೂಡುದಿಕ್ಕಿನ ಬೇಸಾಯದ ಹಳ್ಳಿಗಳಿಗೆ ನಡಿಗೆ. ಯಾವ ಮನೆಯಲ್ಲಿ ಸೂತಕ, ಯಾವ ಮನೆಯಲ್ಲಿ ಬಾಣಂತಿ, ಯಾರು ಸೋಮವಾರ ಮೀನು ತಿನ್ನುವುದಿಲ್ಲ ಎಂಬುದೆಲ್ಲ ತಿಳಿದಿದ್ದರೇ ಬುಟ್ಟಿ ಖಾಲಿಯಾಗುವುದು. ದುಡ್ಡಿಲ್ಲದ ಮನೆಗೆ ಮೀನು ಕಡ, ಕೊಯ್ಲಿಗೆ ಅಕ್ಕಿಯಲ್ಲಿ ತೀರುವಳಿ. ಆಸಾಡಿಯ ಆ ನಾಲ್ಕು ಮುಡಿಯಲ್ಲಿ ಒಂದೆರಡು ಹೀಗೆ ಬಂದವು. ಅಕ್ಷರ ಬಾರದ ಹೆಂಗಸು ಐವತ್ತು ಮನೆಯ ಕಡವನ್ನು ತಲೆಯಲ್ಲಿಟ್ಟುಕೊಂಡು ಒಂದು ಮೀನೂ ತಪ್ಪದೆ ವಸೂಲು ಮಾಡುವುದನ್ನು ನಾವು ಜಾಣತನ ಎನ್ನುತ್ತೇವೆ. ಗಂಡಸು ಮಾಡಿದ್ದರೆ ಲೆಕ್ಕಪತ್ರ ಅನ್ನುತ್ತಿದ್ದೆವು.

ಅಳಿಯಸಂತಾನದ ಮಾತೂ ಇಲ್ಲಿ ಬರುತ್ತದೆ. ಮೊಗವೀರ, ಬಂಟ, ಬಿಲ್ಲವ ಮನೆಗಳಲ್ಲಿ ಬಳಿ, ಅಂದರೆ ಕುಲದ ಹೆಸರು, ತಾಯಿಯಿಂದ ಬರುವುದು, ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುವುದು ಕ್ರಮ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೇಲೆ ಆಸ್ತಿಯ ಕ್ರಮ ಬದಲಾಯಿತು, ಬಳಿ ಮಾತ್ರ ಈಗಲೂ ತಾಯಿಯದೇ. ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇತ್ತು, ಹಾಗಾಗಿ ಇದನ್ನು ಹೆಂಗಸರ ರಾಜ್ಯ ಎಂದು ಹಿಗ್ಗುವುದು ಬೇಡ. ಆದರೆ ಅಜ್ಜಿಯ ಬದುಕು ಬರೆಯುವಾಗ ಗಂಡನ ಹೆಸರಿಗಿಂತ ಮೊದಲು ಆಕೆಯ ಬಳಿ, ಮೂಲಮನೆ, ತಾಯಿ ಮತ್ತು ಅಜ್ಜಿಯ ಹೆಸರು ಬರೆದುಕೊಳ್ಳಿ. ಆ ಕಡೆಯ ಮೂರು ತಲೆಮಾರು ದಾಟಿದರೆ ಹೇಳುವವರೇ ಸಿಗುವುದಿಲ್ಲ.

ಈ ಕೆಲಸ ದೇಹದಿಂದ ವಸೂಲು ಮಾಡಿದ್ದನ್ನೂ ಬರೆಯಬೇಕು. ಉಪ್ಪುನೀರಿಗೆ ಬೆರಳಸಂದಿ ಬಿರಿಯುತ್ತಿತ್ತು, ಬಿರಿದದ್ದು ಮಾಯುವ ಮೊದಲು ಮತ್ತೆ ಉಪ್ಪು. ಮೀನಿನ ಮುಳ್ಳು ಚುಚ್ಚಿ ಬಾತ ಕೈಯಲ್ಲೇ ಸೀಳುವ ಕೆಲಸ. ಬುಟ್ಟಿಯ ಭಾರಕ್ಕೆ ಕುತ್ತಿಗೆ, ಹೊಯ್ಗೆಯ ನಡಿಗೆಗೆ ಮಂಡಿ. ಅಟ್ಟದ ಮೀನನ್ನು ಕಾಯ್ದ ಅದೇ ಹೊಗೆ ಕಣ್ಣು ಮತ್ತು ಎದೆಗೆ ಹೊಡೆಯಿತು. ಗ್ಯಾಸ್ ಬಂದದ್ದರಿಂದ ಒಣಮೀನು ಕೆಟ್ಟರೆ ಕೆಡಲಿ ಎನ್ನಬೇಕು ಎಷ್ಟೋ ಸಲ.

ಬದುಕಿರುವ ಅಜ್ಜಿಯರ ಈ ಅರಿವನ್ನು ದಾಖಲಿಸುವವರಿಗೆ ಎರಡು ಮೂರು ಮಾತು. ಕುರ್ಚಿ ಹಾಕಿ ಎದುರು ಕೂತು ನಿಮ್ಮ ಬಾಲ್ಯ ಹೇಗಿತ್ತು ಅಂತ ಕೇಳಿದರೆ ನಾಲ್ಕು ಮಾತು ಬರುತ್ತದೆ. ಕೈಗೆ ಕೆಲಸ ಕೊಟ್ಟು ಕೇಳಿ, ಮೀನು ಸೀಳುವಾಗ ಬಾಯಿ ತಾನಾಗಿ ಬಿಚ್ಚುತ್ತದೆ. ಒಳ್ಳೆಯದಾದದ್ದನ್ನು ಕೇಳುವುದಕ್ಕಿಂತ ಕೆಟ್ಟುಹೋದದ್ದನ್ನು ಕೇಳಿ: ಯಾವ ವರ್ಷ ಮೀನೆಲ್ಲ ಹುಳ ಬಿತ್ತು, ಎಂತಕ್ಕೆ ಬಿತ್ತು, ಆಮೇಲೆ ಎಂತ ಮಾಡಿದ್ರಿ. ನಷ್ಟದ ನೆನಪು ತಿಂಗಳು ತಿಥಿ ಸಮೇತ ಇರುತ್ತದೆ. ಫೋನನ್ನು ಮಡಚಿದ ಬಟ್ಟೆಯ ಮೇಲಿಡಿ, ಕಡಲಗಾಳಿಗೆ ಬೆನ್ನು ಮಾಡಿ. ಇಲ್ಲವಾದರೆ ಗಾಳಿಯ ಸದ್ದು ಮಾತ್ರ ಉಳಿಯುತ್ತದೆ. ಮೀನು, ಗಾಳಿ, ಮಳೆಯ ಹೆಸರನ್ನು ಆಕೆ ಹೇಳಿದ ಹಾಗೇ ಬರೆಯಿರಿ. ಬೈಗೆಯನ್ನು ತಿದ್ದಿ ಬೂತಾಯಿ ಮಾಡಬೇಡಿ.

ಅಳತೆ ಹಿಡಿಯಲು ಒಂದು ಉಪಾಯ. ಉಪ್ಪಿನ ಪಾತ್ರೆಯನ್ನು ಮೊದಲು ತೂಗಿ ಪಕ್ಕದಲ್ಲಿಡಿ, ಆಕೆ ತನ್ನ ಪಾಡಿಗೆ ಹಾಕಲಿ, ಮುಗಿದ ಮೇಲೆ ಮತ್ತೆ ತೂಗಿ. ಮೀನನ್ನೂ ತೂಗಿ. ಮೂರು ಬೇರೆ ದಿನ ಹೀಗೆ ಮಾಡಿ, ತಿಂಗಳು ಮತ್ತು ಉಪ್ಪು ಹಳೆಯದೋ ಹೊಸತೋ ಎಂದು ಬರೆದಿಡಿ. ಮಾರ್ಚ್ ತಿಂಗಳ ಹಿಡಿಗೂ ಮೇ ತಿಂಗಳ ಹಿಡಿಗೂ ವ್ಯತ್ಯಾಸ ಕಂಡರೆ ಅದು ಕೈತಪ್ಪಲ್ಲ, ಮೋಡ ನೋಡಿ ಹಾಕಿದ್ದು.

ಎಷ್ಟು ಉಪ್ಪು ಎಂದು ನೇರವಾಗಿ ಕೇಳಿದರೆ ಕುಂದಾಪುರದ ಅಜ್ಜಿಯರಿಂದ ಬರುವ ಉತ್ತರ ಒಂದೇ: "ಮೀನ್ ಎಷ್ಟ್ ಹಿಡಿತ್ತೋ ಅಷ್ಟ್." ಬರೆದುಕೊಳ್ಳಲು ಕೂತವರಿಗೆ ಇದು ಜಾರಿಕೆಯ ಮಾತಿನಂತೆ ಕೇಳಿಸುತ್ತದೆ. ಎರಡನೇ ದಿನ ಬಾನಿಯ ಕಲ್ಲು ಎತ್ತಿ, ಉಪ್ಪುನೀರಿನೊಳಗೆ ಕೈಯಿಳಿಸಿ ತಳ ಮುಟ್ಟಿ ನೋಡಿ. ಕರಗದ ಹರಳು ಬೆರಳಿಗೆ ಸಿಕ್ಕರೆ ನೀರು ಹಿಡಿಯುವಷ್ಟು ಹಿಡಿದಿದೆ, ಮೀನೂ ಹಿಡಿದಿದೆ. ಒಂದೂ ಸಿಗದಿದ್ದರೆ ಉಪ್ಪು ಸಾಲದು, ಇನ್ನೊಂದು ಮುಷ್ಟಿ ಹಾಕಿ ಕಲ್ಲು ಇಡಬೇಕು.